ಜಾನ್ಸನ್ನನ ನಿಘಂಟು: ಶಾಸನವೋ, ಸಾಕ್ಷ್ಯವೋ?

ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಹೇಳಬೇಕೆಂಬುದು ಕನ್ನಡ ವಾಚಕರಿಗೆ ಹೊಸ ಮಾತಲ್ಲ. ಕೇಶಿರಾಜನು ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಟ್ಟನು. ಇಂಗ್ಲಿಷ್ ಭಾಷೆಯಲ್ಲಿಯಾದರೋ, ಲಕ್ಷಣಕಾರನು ನುಡಿಯನ್ನಾಳುವ ಶಾಸಕನೋ, ಬಳಕೆಯನ್ನು ಕಂಡಂತೆ ಹೇಳುವ ಸಾಕ್ಷಿಯೋ ಎಂಬ ವಿವಾದವು ಬಹುಕಾಲದಿಂದ ನಡೆದುಬಂದಿದೆ. ಅದರ ಮರ್ಮವನ್ನರಿಯಲು ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟನ್ನು ನೋಡಬೇಕು.

ಇಂಗ್ಲಿಷನ್ನು ತಿದ್ದಿ ಸ್ಥಿರಗೊಳಿಸಲು ವಿದ್ವತ್ಸಭೆಯೊಂದು ಬೇಕೆಂದು 1712ರಲ್ಲಿ ಸ್ವಿಫ್ಟನು ವಾದಿಸಿದನು. ಆ ಸಭೆ ಹುಟ್ಟಲಿಲ್ಲ. 1747ರಲ್ಲಿ ನಿಘಂಟಿನ ಯೋಜನೆಯನ್ನು ಪ್ರಕಟಿಸಿದ ಜಾನ್ಸನ್ನನಿಗೂ ಭಾಷೆಯನ್ನು ಸ್ಥಿರಗೊಳಿಸುವ ಆಸೆಯಿತ್ತು. ಆದರೆ 1755ರಲ್ಲಿ ಗ್ರಂಥವು ಹೊರಬಂದಾಗ ಪೀಠಿಕೆಯ ಧ್ವನಿಯೇ ಬೇರೆ. ಬದಲಾವಣೆಯನ್ನು ಯಾವ ನಿಘಂಟೂ ತಡೆಯಲಾರದು, ತನ್ನ ನಿರೀಕ್ಷೆಯೇ ಅತಿಯಾಗಿತ್ತು ಎಂದು ಅವನು ಒಪ್ಪಿಕೊಂಡನು. ಈ ಪರಿವರ್ತನೆಗೆ ಕಾರಣ ಓದು. ಸುಮಾರು 42,000 ಶಬ್ದಗಳಿಗೆ ಲಕ್ಷಕ್ಕೆ ಮೇಲ್ಪಟ್ಟು ಪ್ರಯೋಗಗಳನ್ನು ಆಯ್ದು ಜೋಡಿಸಿದವನ ಕಣ್ಣೆದುರಿಗೆ ಶಬ್ದಗಳು ಅರ್ಥದಿಂದ ಅರ್ಥಕ್ಕೆ ಸರಿಯುತ್ತಿದ್ದುವು. ಹಾಗೆಂದು ಅವನು ವಿವೇಚನೆಯನ್ನು ಬಿಡಲಿಲ್ಲ. ತನಗೆ ಹೀನವೆನಿಸಿದ ಶಬ್ದಗಳನ್ನು ಹೀನವೆಂದೇ ಗುರುತಿಸಿದನು. ಆದರೂ ಅವುಗಳಿಗೆ ನಿಘಂಟಿನಲ್ಲಿ ಸ್ಥಳವನ್ನು ಕೊಟ್ಟನು.

ಈ ಸಮತೂಕವು ಮುಂದಿನವರಲ್ಲಿ ಉಳಿಯಲಿಲ್ಲ. 1762ರಲ್ಲಿ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತನು ಷೇಕ್ಸ್‌ಪಿಯರ್, ಮಿಲ್ಟನ್ನರಲ್ಲಿಯೂ ತಪ್ಪುಗಳನ್ನು ಹುಡುಕಿದನು. ಎರಡು ನಿಷೇಧಗಳು ಕೂಡಿದರೆ ವಿಧಿಯಾಗುವುದೆಂದು ಆ ಶತಮಾನದ ವೈಯಾಕರಣರು ಸಾರಿದರು. ಚಾಸರನಾಗಲಿ ಷೇಕ್ಸ್‌ಪಿಯರನಾಗಲಿ ನಿಷೇಧವನ್ನು ಇಮ್ಮಡಿಸಿದ್ದು ಒತ್ತಿಹೇಳುವುದಕ್ಕೆ. ಓದುಗರು ಅದನ್ನು ವಿಧಿಯೆಂದು ತಿಳಿಯಲಿಲ್ಲ. ಲೆಕ್ಕದ ನ್ಯಾಯವನ್ನು ನುಡಿಗೆ ಹೊರಿಸಿದ್ದರ ಫಲವನ್ನು ಉಂಡವರು ಸಾಮಾನ್ಯ ಜನರು. ಮಹಾಕವಿಗಳಲ್ಲಿದ್ದ ಪ್ರಯೋಗವೇ ಕೂಲಿಯವನ ಬಾಯಲ್ಲಿ ಅಜ್ಞಾನದ ಗುರುತೆನಿಸಿತು.

1961ರಲ್ಲಿ ಅಮೆರಿಕದ ವೆಬ್‌ಸ್ಟರ್ ಬೃಹನ್ನಿಘಂಟಿನ ಮೂರನೆಯ ಆವೃತ್ತಿ ಹೊರಬಂದಾಗ, ಸಂಪಾದಕ ಫಿಲಿಪ್ ಗೋವನು ಕಾವಲನ್ನೇ ಬಿಟ್ಟುಕೊಟ್ಟನೆಂಬ ಕೂಗೆದ್ದಿತು. ‘ಏಂಟ್’ ಎಂಬ ಶಬ್ದವು ಕಲಹದ ಮೂಲವಾಯಿತು. ಅದನ್ನು ಹಲವರು ಒಪ್ಪುವುದಿಲ್ಲವೆಂಬುದು ಅದೇ ನಿಘಂಟಿನಲ್ಲಿ ಅಚ್ಚಾಗಿತ್ತು. ವಿಮರ್ಶಕರಲ್ಲಿ ಅನೇಕರು ಇದನ್ನು ಗಮನಿಸಲಿಲ್ಲ. ಆದರೆ ಗೋವನು ಆಡುಮಾತೆಂಬ ಗುರುತನ್ನು ಕೈಬಿಟ್ಟದ್ದು ಲೋಪವೇ ಸರಿ. ಯಾವ ಮಾತು ಯಾವ ಸಭೆಗೆ ಸಲ್ಲುವುದೆಂಬುದೂ ಬಳಕೆಯ ಒಂದು ಭಾಗ. ಅದನ್ನು ಹೇಳದ ಸಾಕ್ಷ್ಯವು ಅಪೂರ್ಣ.

ಹೀಗೆ ನೋಡಿದರೆ ವಿವರಣೆಗೂ ವಿವೇಚನೆಗೂ ವೈರವಿಲ್ಲ. ಮೊದಲು ಕಂಡು, ಬಳಿಕ ತೂಗಬೇಕು. ಜಾನ್ಸನ್ನನು ತೀರ್ಪನ್ನು ಸಿದ್ಧಮಾಡಿಕೊಂಡು ಹೊರಟರೂ ಸಾಕ್ಷ್ಯವು ಬಂದೊಡನೆ ಅದನ್ನು ತಿದ್ದಿಕೊಂಡನು. ಅವನ ಪೀಠಿಕೆಯನ್ನು ಇಂದಿಗೂ ಓದಬೇಕಾದುದು ಈ ಪ್ರಾಮಾಣಿಕತೆಗಾಗಿಯೇ.