ಗುಂಡು ಹಾರುವ ಮೊದಲಿನ ಆಂಡರ್ಸನ್

ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥೆಗಳಲ್ಲಿ ಎಲ್ಲಕ್ಕಿಂತ ಸಪ್ಪೆಯಾದ ಭಾಗ ಹುಲಿ ಸಾಯುವ ಭಾಗ. 1954ರ ‘ನೈನ್ ಮ್ಯಾನ್ ಈಟರ್ಸ್ ಅಂಡ್ ಒನ್ ರೋಗ್’ ಪುಸ್ತಕದಿಂದ ಹಿಡಿದು ಮುಂದಿನ ಪುಸ್ತಕಗಳವರೆಗೂ ಚೌಕಟ್ಟು ಬಹುಪಾಲು ಒಂದೇ. ಯಾವುದೋ ಊರಿನಿಂದ ನರಭಕ್ಷಕನ ಸುದ್ದಿ ಬರುತ್ತದೆ, ಬೆಂಗಳೂರಿನಿಂದ ಆಂಡರ್ಸನ್ ಸ್ಟುಡಿಬೇಕರ್ ಕಾರು ಹತ್ತಿ ಹೊರಡುತ್ತಾರೆ, ಗೂಟಕ್ಕೆ ಜಾನುವಾರು ಕಟ್ಟಿಸಿ ಮರದ ಮೇಲೆ ಅಟ್ಟಣೆ ಹಾಕಿಸುತ್ತಾರೆ, ಕೆಲವು ರಾತ್ರಿ ದಂಡವಾಗುತ್ತವೆ, ಕೊನೆಗೆ .405 ವಿಂಚೆಸ್ಟರ್ ರೈಫಲ್ಲು ಗುಡುಗುತ್ತದೆ. ನಾಲ್ಕನೆಯ ಕಥೆಯ ಹೊತ್ತಿಗೆ ಮುಗಿತಾಯ ಮೊದಲೇ ಗೊತ್ತಾಗಿಬಿಡುತ್ತದೆ. ಆದರೂ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ. ಗುಂಡು ಹಾರುವುದಕ್ಕೆ ಮುಂಚಿನ ಕಾಯುವಿಕೆಯನ್ನು ಅವರಷ್ಟು ಚೆನ್ನಾಗಿ ಬರೆದವರು ವಿರಳ.

ಗುಮ್ಮಳಾಪುರದ ಚಿರತೆಯ ಕಥೆಯನ್ನೇ ನೋಡಿ. ಕತ್ತಲಾಗುವ ಮುಂಚೆಯೇ ಜನ ಬಾಗಿಲು ಭದ್ರಪಡಿಸಿಕೊಂಡು ಒಳಗೆ ಸೇರಿದ್ದಾರೆ. ನಿರ್ಜನ ಬೀದಿಯಲ್ಲಿ ಕಾಯುತ್ತಿರುವ ಆಂಡರ್ಸನ್‌ಗೆ ತಮ್ಮ ಭಯವೇ ದೊಡ್ಡ ಶತ್ರು. ಆಗ ಎಲ್ಲಿಂದಲೋ ಬಂದ ಬಡಕಲು ಬೀದಿನಾಯಿಯೊಂದು ಅವರಿಗೆ ಒತ್ತಿಕೊಂಡು ಕೂರುತ್ತದೆ. ಮನುಷ್ಯನಿಗೆ ಏನೂ ಕೇಳಿಸದ, ಏನೂ ಕಾಣಿಸದ ಹೊತ್ತಿನಲ್ಲಿ ಅದು ತಟ್ಟನೆ ಎದ್ದು ಗುರುಗುಟ್ಟುತ್ತದೆ. ಆ ಗುರುಗುಟ್ಟುವಿಕೆಯೇ ಅವರನ್ನು ಉಳಿಸುತ್ತದೆ. ಸತ್ತ ಚಿರತೆಯ ಪಾದದಲ್ಲಿ ಮುರಿದು ಹುದುಗಿಹೋದ ಮುಳ್ಳುಹಂದಿಯ ಮುಳ್ಳುಗಳು ಸಿಗುತ್ತವೆ. ಊರವರು ದೆವ್ವವೆಂದು ನಂಬಿದ್ದು, ನೆಟ್ಟಗೆ ಬೇಟೆಯಾಡಲಾಗದ ಒಂದು ಕುಂಟು ಪ್ರಾಣಿ. ಇನ್ನೊಬ್ಬ ಬೇಟೆಗಾರ-ಲೇಖಕ ಜಿಮ್ ಕಾರ್ಬೆಟ್ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಮುರಿದ ಕೋರೆಹಲ್ಲುಗಳನ್ನು ತೋರಿಸುವುದೂ ಇದೇ ಕಾರಣಕ್ಕೆ. ನರಭಕ್ಷಕ ಹೇಗೆ ಹುಟ್ಟುತ್ತದೆ ಎಂದು ಕೇಳದ ಬೇಟೆಯ ಪುಸ್ತಕ ಬರೀ ಬಡಾಯಿ.

ಜವಳಗಿರಿಯ ಕಥೆ ನನ್ನನ್ನು ಕಲಕುತ್ತದೆ. ಜೊತೆಗಾರನನ್ನು ಕಳೆದುಕೊಂಡು ಕಾಡಿನಲ್ಲಿ ಕೂಗುತ್ತ ಅಲೆಯುವ ಹೆಣ್ಣುಹುಲಿಯನ್ನು ಆಂಡರ್ಸನ್ ಗಂಡುಹುಲಿಯ ಕೂಗನ್ನು ಅನುಕರಿಸಿ ಹತ್ತಿರ ಕರೆದು ಹೊಡೆಯುತ್ತಾರೆ. ಜನರ ಜೀವ ಉಳಿಸಲು ಬೇರೆ ದಾರಿ ಇರಲಿಲ್ಲ ಎಂಬುದು ನಿಜವೇ ಇರಬಹುದು. ಆದರೂ ಓದುಗ ಇಲ್ಲಿ ಬೇಟೆಗಾರನ ಪಕ್ಷದಲ್ಲಿ ನಿಲ್ಲಲಾರ.

ಕೊರತೆಗಳೂ ಇವೆ. ಎಷ್ಟೋ ಘಟನೆಗಳಿಗೆ ಆಂಡರ್ಸನ್ ಒಬ್ಬರೇ ಸಾಕ್ಷಿ. ತಾವು ಕಣ್ಣಾರೆ ಕಾಣದ ಸಾವುಗಳನ್ನೂ ಅವರು ಸಂಭಾಷಣೆ ಸಮೇತ ಬಣ್ಣಿಸುತ್ತಾರೆ, ಅಲ್ಲಿ ಕಥೆಗಾರನ ಕೈಚಳಕ ಎದ್ದು ಕಾಣುತ್ತದೆ. ಹಳ್ಳಿಯವರನ್ನು ಒಟ್ಟಾರೆಯಾಗಿ ಅಂಜುಬುರುಕರೆಂದು ತಳ್ಳಿಹಾಕುವ ದೊರೆಯ ದನಿ ಅಲ್ಲಲ್ಲಿ ಇಣುಕುತ್ತದೆ. ಆದರೆ ಚಿನ್ನಾರ್ ಹೊಳೆಯ ಬಳಿಯ ಬೈರ ಪೂಜಾರಿಯ ವಿಷಯಕ್ಕೆ ಬಂದಾಗ ಆ ದನಿ ಪೂರ್ತಿ ಅಡಗುತ್ತದೆ. ದಂಡೆಯ ಗುಂಡಿಯಲ್ಲಿ ಮಲಗುವ ಈ ಬಡವನೇ ಕಾಡಿನ ವಿದ್ಯೆಯಲ್ಲಿ ತನಗೆ ಗುರು ಎನ್ನುವಷ್ಟು ಗೌರವ ಆ ಬರಹದಲ್ಲಿದೆ.

ಆಂಡರ್ಸನ್ ಕಥೆಗಳು ನಡೆಯುವ ಹೊಸದುರ್ಗ–ಹೊಳಲ್ಕೆರೆ, ದೇವರಾಯನದುರ್ಗ, ಎಮ್ಮೆದೊಡ್ಡಿ, ತಾಗರ್ತಿ, ಕೊನೆಗೆ ಬೆಂಗಳೂರಿನ ಜಾಲಹಳ್ಳಿ: ಎಲ್ಲವೂ ನಮ್ಮ ಊರುಗಳೇ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಭಾಗಗಳಲ್ಲಿ ಆಂಡರ್ಸನ್ ಅವರ ಕಥೆಗಳನ್ನು ಕನ್ನಡಕ್ಕೆ ತಂದದ್ದು ಬರೀ ಅನುವಾದದ ಕೆಲಸವಲ್ಲ. ಸ್ವತಃ ಕೋವಿ ಹಿಡಿದು ಮಲೆನಾಡು ಅಲೆದವರ ಕನ್ನಡ ಅದು. ಇಂಗ್ಲಿಷಿನ ಆವೃತ್ತಿಯಲ್ಲಿ ದೂರ ನಿಂತು ನೋಡುವಂತಿದ್ದ ಹಳ್ಳಿಗರು ಅಲ್ಲಿ ನಮ್ಮ ಪಕ್ಕದ ಮನೆಯವರಾಗುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಹುಲಿಬೇಟೆಯ ಕಾಲ ಮುಗಿಯಿತು, ಎರಡು ವರ್ಷಕ್ಕೆ ಆಂಡರ್ಸನ್ ಅವರೂ ತೀರಿಕೊಂಡರು. ಈಗ ಸಫಾರಿ ಜೀಪಿನಲ್ಲಿ ಕ್ಯಾಮೆರಾ ಹಿಡಿದು ಕಾಡಿಗೆ ಹೋಗುವ ಹುಡುಗರು ಈ ಪುಸ್ತಕಗಳನ್ನು ಓದಬೇಕು. ಮೊದಲು ಬೈರನ ಅಧ್ಯಾಯ ಓದಿ, ಆಮೇಲೆ ಗುಮ್ಮಳಾಪುರ.