ಹಂಬಲ ಬತ್ತಿತೆಂದು ಹೇಳುವ ಮುನ್ನ

‘ಕೋವಿಡ್ ಆದಮೇಲೆ ಈಗಿನ ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ.’ ಮದುವೆ ಮನೆಯ ಪಂಕ್ತಿಯಿಂದ ಉದ್ಯಮಿಗಳ ಸಭೆಯವರೆಗೆ ಈ ಮಾತು ತೀರ್ಪಿನ ಹಾಗೆ ಓಡಾಡುತ್ತಿದೆ. ಮನೆಯಲ್ಲೇ ಕೂತು ಮೈಗಳ್ಳರಾದರು, ಕಂಪನಿಯಿಂದ ಕಂಪನಿಗೆ ಹಾರುವುದನ್ನು ಕಲಿತರು ಎಂಬುದು ಆರೋಪ. ಕೋವಿಡ್‌ನ ಆ ಎರಡು ವರ್ಷ ಅವರು ಏನೇನು ಮಾಡಿದರೆಂದು ನೆನೆದರೆ ನನಗೆ ಇದನ್ನು ಒಪ್ಪಲಾಗುವುದಿಲ್ಲ.

2020ರ ಬೇಸಿಗೆಯಲ್ಲಿ ಊರಿಗೆ ಮರಳಿದ ಪದವೀಧರರು ಉದ್ಯೋಗ ಖಾತ್ರಿಯಲ್ಲಿ ಗುದ್ದಲಿ ಹಿಡಿದರು. ದಿನದ ಕೂಲಿ 275 ರೂಪಾಯಿ. ಎಂಜಿನಿಯರಿಂಗ್ ಓದಿ ಕೆರೆಯ ಹೂಳೆತ್ತಿದವರನ್ನು ಸೋಮಾರಿಗಳೆನ್ನಲು ಯಾರಿಗೂ ನಾಲಿಗೆ ಏಳಬಾರದು.

ಇನ್ನು ಹಾರಾಟದ ಮಾತು. 2022ರ ಮಾರ್ಚ್ ಕೊನೆಗೆ ಇನ್ಫೊಸಿಸ್‌ನಲ್ಲಿ ಕೆಲಸ ಬಿಟ್ಟವರ ವಾರ್ಷಿಕ ಪ್ರಮಾಣ ಶೇ 27.7ಕ್ಕೆ ಏರಿತ್ತು, ಟಿಸಿಎಸ್‌ನಲ್ಲಿ ಶೇ 17.4ಕ್ಕೆ. ನಿಷ್ಠೆ ಸತ್ತಿತೆಂಬುದಕ್ಕೆ ಈ ಅಂಕಿಗಳನ್ನೇ ಎತ್ತಿ ತೋರಿಸಲಾಗುತ್ತದೆ. ಆದರೆ ಆಸೆ ಬತ್ತಿದವನು ಇದ್ದಲ್ಲೇ ಇದ್ದುಬಿಡುತ್ತಾನೆ. ಬಿಟ್ಟುಹೋದವರು ಹಗಲು ಪ್ರಾಜೆಕ್ಟ್ ಮುಗಿಸಿ, ರಾತ್ರಿ ಕ್ಲೌಡ್ ಸರ್ಟಿಫಿಕೇಷನ್‌ಗೆ ಓದಿ, ಮೂರು ನಾಲ್ಕು ಸುತ್ತಿನ ಸಂದರ್ಶನ ದಾಟಿ ಹೋದವರು. ದೊಡ್ಡ ಕಂಪನಿಗಳು ಫ್ರೆಶರ್‌ಗಳಿಗೆ ಕೊಡುವ ಸಂಬಳ ಹತ್ತು ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು. ಬೆಂಗಳೂರಿನ ಬಾಡಿಗೆ ನಿಂತಿರಲಿಲ್ಲ. ಬೇಡಿಕೆ ಇದ್ದ ಒಂದೆರಡು ವರ್ಷ ತಮ್ಮ ದುಡಿಮೆಗೆ ಬೆಲೆ ಕೇಳಿದ್ದನ್ನು ನಾನಂತೂ ಹಂಬಲವೆಂದೇ ಕರೆಯುತ್ತೇನೆ.

ಈ ಚರ್ಚೆ ಸಾಫ್ಟ್‌ವೇರ್ ಕಂಪನಿಗಳ ಗೇಟಿನಲ್ಲೇ ನಿಂತುಬಿಡುವುದು ಅದರ ದೊಡ್ಡ ದೋಷ. ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಗಬೇಕು. ಅಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ 2020ರಲ್ಲಿ ಕೆಲವೇ ತಿಂಗಳಲ್ಲಿ ಸಾವಿರಾರು ಜನರನ್ನು ಸೇರಿಸಿಕೊಂಡಿತು. ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು, ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಪಾಳಿಯನ್ನು ಹನ್ನೆರಡು ಗಂಟೆಗೆ ಹಿಗ್ಗಿಸಿದರೂ ದುಡಿದರು. ಹಾಜರಿ ಲೆಕ್ಕ ತಪ್ಪಿತು, ಹೇಳಿದಷ್ಟು ಸಂಬಳ ಖಾತೆಗೆ ಬೀಳಲಿಲ್ಲ. ಡಿಸೆಂಬರ್ 12ರ ಬೆಳಿಗ್ಗೆ ಸಿಟ್ಟು ಸ್ಫೋಟಿಸಿತು. ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಒಡೆದ ಗಾಜಿನ ಚಿತ್ರವಷ್ಟೇ ನಮ್ಮ ನೆನಪಿನಲ್ಲಿ ಉಳಿದದ್ದು ಮಾತ್ರ ಅನ್ಯಾಯ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು ಒಂದೇ ವಾರದಲ್ಲಿ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸಾಂಕ್ರಾಮಿಕದ ನಡುವೆ ದಿನಕ್ಕೆ ಹನ್ನೆರಡು ಗಂಟೆ ನಿಂತು ದುಡಿದವರಲ್ಲಿ ದುಡಿಮೆಯ ಮನಸ್ಸು ಇರಲಿಲ್ಲ ಎನ್ನಲು ಹೇಗೆ ಸಾಧ್ಯ?

ಹಾಗೆಂದು ಏನೂ ಕಳೆದಿಲ್ಲ ಎಂದು ನಾನು ಹೇಳುತ್ತಿಲ್ಲ. 2020, 2021ರಲ್ಲಿ ಕೆಲಸಕ್ಕೆ ಸೇರಿದ ಎಷ್ಟೋ ಜನ ಕೊರಿಯರ್‌ನಲ್ಲಿ ಲ್ಯಾಪ್‌ಟಾಪ್ ಪಡೆದು, ಕಚೇರಿಯ ಮುಖವನ್ನೇ ನೋಡದೆ ಒಂದೂವರೆ ಎರಡು ವರ್ಷ ಕಳೆದರು. ಪಕ್ಕದ ಕುರ್ಚಿಯ ಹಿರಿಯರು ಗ್ರಾಹಕರ ಸಿಟ್ಟನ್ನು ಹೇಗೆ ತಣಿಸುತ್ತಾರೆ, ತಮ್ಮ ತಪ್ಪನ್ನು ಹೇಗೆ ಒಪ್ಪಿಕೊಳ್ಳುತ್ತಾರೆ ಎಂದು ನೋಡುತ್ತಲೇ ಕಲಿಯುವ ವಿದ್ಯೆಯೊಂದಿದೆ. ಅದು ಇವರಿಗೆ ದಕ್ಕಲಿಲ್ಲ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತ ಹೊಸಬರನ್ನು ‘ಊಟ ಆಯ್ತಾ, ಕೆಲಸ ಅರ್ಥ ಆಗ್ತಿದೆಯಾ’ ಎಂದು ಬಿಡುವಾಗಿ ಕೇಳಿದವರು ಕಡಿಮೆ. ಆ ಮೌನವನ್ನು ನಿರಾಸಕ್ತಿಯೆಂದು ಬರೆದುಕೊಂಡದ್ದು ಹಿರಿಯರ ಸೋಲು. ಕಲಿಸುವ ಹೊಣೆಯನ್ನು ನಾವು ಇಂದಿಗೂ ಪೂರ್ತಿ ಹೊತ್ತಿಲ್ಲ ಎಂಬುದೇ ನನ್ನ ದೊಡ್ಡ ನೋವು.

ಇನ್ನು ನಿಷ್ಠೆಯ ಮಾತಿಗೆ ಮರಳಿದರೆ, 2022ರ ನೇಮಕಾತಿಯ ಭರಾಟೆಯಲ್ಲಿ ಕಂಪನಿಗಳು ಕೈತುಂಬ ಆಫರ್ ಲೆಟರ್ ಹಂಚಿದವು. 2023ರ ಫೆಬ್ರುವರಿಯಲ್ಲಿ, ಆರೂವರೆ ಲಕ್ಷದ ಆಫರ್ ಹಿಡಿದು ಕಾಯುತ್ತಿದ್ದ ಫ್ರೆಶರ್‌ಗಳ ಮುಂದೆ ವಿಪ್ರೊ ಮೂರೂವರೆ ಲಕ್ಷಕ್ಕೆ ಬರುತ್ತೀರಾ ಎಂಬ ಪ್ರಶ್ನೆ ಇಟ್ಟಿತು. ಇನ್ಫೊಸಿಸ್‌ನ ಆಫರ್ ಪಡೆದವರಲ್ಲಿ ಕೆಲವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕರೆಗಾಗಿ ಕಾದರು. ಕೊನೆಗೆ ಕರೆ ಬಂದಾಗ ಚೀಲ ಕಟ್ಟಿಕೊಂಡು ಮೈಸೂರಿನ ತರಬೇತಿ ಕೇಂದ್ರಕ್ಕೆ ಹೋದರು.