ಎರೆಮಣ್ಣಿನ ಜೀಪಿಗೆ ಟಿಂಕರನ ಕೈ

ಅಫಜಲಪುರ ಸೀಮೆಯ ಮಣ್ಣೂರಿನಂಥ ಊರುಗಳಲ್ಲಿ ಹಳೆಯ ಮಹೀಂದ್ರಾ ಜೀಪಿಗೆ ಮಳೆಗಿಂತ ಎರೆಮಣ್ಣಿನ ಕಾಟ ಹೆಚ್ಚು. ನೀರು ಹರಿದುಹೋಗುತ್ತದೆ, ಮಡ್‌ಗಾರ್ಡಿನ ಒಳಗೆ, ಚಾಸಿಯ ಸಂದಿಯಲ್ಲಿ ಮೆತ್ತಿದ ಎರೆ ದಿನಗಟ್ಟಲೆ ತೇವ ಹಿಡಿದಿಟ್ಟು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ತೂತು ಬಿದ್ದಿರುತ್ತದೆ.

ಒಳ್ಳೆಯ ಟಿಂಕರ್ ಮಿಸ್ತ್ರಿ ಅದಕ್ಕೇ ಕಿವಿಯನ್ನು ನಂಬುತ್ತಾನೆ. ಗಡಿಗೆ ಕೊಳ್ಳುವವರಂತೆ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ತಗಡು ಠಣ್ ಎನ್ನುತ್ತದೆ, ಜಂಗು ತಿಂದದ್ದು ಬೊದ್ ಎನ್ನುತ್ತದೆ. ಆಮೇಲೆ ದಯೆಯಿಲ್ಲ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, ಅಳತೆಗೆ ಬಡಿದ ಹೊಸ ತುಂಡು ಕೂರಿಸಿ, ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ ಬೆಸೆಯುತ್ತಾನೆ. ಒಂದೇ ಸಮ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ನಂತರ ರೆಡ್ ಆಕ್ಸೈಡ್ ಪ್ರೈಮರ್. ಜಂಗಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರೂ ಇದ್ದಾರೆ. ಅದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ.

ಗಾಡಿಯೂ ಈ ಕತ್ತರಿಸಿ ಬೆಸೆಯುವ ಕೆಲಸಕ್ಕೆ ಒಗ್ಗುವಂಥದೇ. ಮಹೀಂದ್ರಾ ಮೊದಮೊದಲು ಜೋಡಿಸತೊಡಗಿದ ವಿಲ್ಲೀಸ್ ಜೀಪಿನ ವಂಶ: ಚಪ್ಪಟೆ ತಗಡು, ಬೇರೆ ಚಾಸಿ, ಕೈಗೆ ಎಟುಕುವ ಬೋಲ್ಟುಗಳು.

ಸಣ್ಣ ತಂಟೆಗಳಿಗೆ ಬೇರೆಯೇ ಜಾಣತನ ಬೇಕು. ಹೆಡ್‌ಲೈಟ್ ಮಂಕಾದರೆ ಅವಸರದವರು ಬಲ್ಬು, ಬ್ಯಾಟರಿ ಬದಲಿಸುತ್ತಾರೆ. ಬಲ್ಲವನು ಮೊದಲು ಅರ್ಥಿಂಗ್ ವಯರ್ ಬಿಚ್ಚಿ, ಅದರಡಿಯ ಜಂಗನ್ನು ಎಮರಿ ಪೇಪರಿನಿಂದ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸ್ ಸವರುತ್ತಾನೆ. ಡೀಸೆಲ್ ಎಂಜಿನ್ ಕೆಮ್ಮಿ ಕೆಮ್ಮಿ ನಿಂತರೆ ಪಂಪಿಗೆ ಕೈಹಾಕುವ ಮೊದಲು ಪೈಪಿನಲ್ಲಿ ಸೇರಿದ ಗಾಳಿ ತೆಗೆಯುತ್ತಾನೆ. ಇದಕ್ಕೆಲ್ಲ ಬಿಡಿಭಾಗದ ಖರ್ಚೇ ಇಲ್ಲ, ಹಾಗಾಗಿ ಗಿರಾಕಿ ಕೂಲಿ ಕೊಡುವಾಗ ಗೊಣಗುವುದೂ ಇಲ್ಲಿಯೇ.